ಕಿಟಕಿಯ ಮೇಲಣ ಚಿತ್ರ

ಪ್ರಶ್ನೆ: ಬಸ್ಸಿನ ಕಿಟಕಿಗಳನ್ನೆಲ್ಲ ಜಾಹೀರಾತು ಮುಚ್ಚಿದ್ದರೂ ಒಳಗಿನವರಿಗೆ ಬೀದಿ ಕಾಣುವುದು ಹೇಗೆ?

ಉತ್ತರ: ಹೊರಗಿನಿಂದ ಅಖಂಡವಾಗಿ ತೋರುವ ಆ ಚಿತ್ರಪಟವು ವಾಸ್ತವದಲ್ಲಿ ಜರಡಿಯಂತೆ ರಂಧ್ರಮಯವಾದುದು. ತೆಳುವಾದ ವಿನೈಲ್ ಹಾಳೆಯಲ್ಲಿ ಸುಮಾರು 1.5 ಮಿಲಿಮೀಟರ್ ವ್ಯಾಸದ ರಂಧ್ರಗಳನ್ನು ಒತ್ತೊತ್ತಾಗಿ ಕೊರೆದು, ಹೊರಮೈಯ ಬಿಳುಪಿನ ಮೇಲೆ ಚಿತ್ರವನ್ನು ಮುದ್ರಿಸಿ, ಒಳಮೈಯನ್ನು ಕಪ್ಪಾಗಿಯೇ ಉಳಿಸಿರುತ್ತಾರೆ. ಹಗಲಿನಲ್ಲಿ ಸೂರ್ಯಪ್ರಕಾಶವು ಮುದ್ರಿತ ವರ್ಣಗಳಿಂದ ಪ್ರತಿಫಲಿಸಿ ಬೀದಿಯಲ್ಲಿ ನಿಂತವನ ಕಣ್ಣನ್ನು ತುಂಬುವುದರಿಂದ, ರಂಧ್ರಗಳ ಮೂಲಕ ಹೊರಬರುವ ಕ್ಷೀಣವಾದ ಬೆಳಕು ಅವನಿಗೆ ಗೋಚರಿಸದು. ಒಳಗೆ ಕುಳಿತವನಿಗಾದರೋ, ಕಪ್ಪು ಮೈ ತನ್ನ ಮೇಲೆ ಬಿದ್ದ ಬೆಳಕನ್ನು ಹೀರಿಕೊಂಡು ತಾನು ಮರೆಯಾಗಿ, ಹೊರಗಿನ ದೃಶ್ಯಕ್ಕೆ ಎಡೆಮಾಡಿಕೊಡುವುದು. ರಾತ್ರಿ ಬಸ್ಸಿನೊಳಗೆ ದೀಪ ಬೆಳಗಿದೊಡನೆ ಈ ಕ್ರಮವೇ ತಿರುವುಮುರುವಾಗುತ್ತದೆ.

ಆದರೆ ಕಾಣುವುದೆಂದರೆ ಚೆನ್ನಾಗಿ ಕಾಣುವುದೆಂದಲ್ಲ. ಹಾಳೆಯ ಸುಮಾರು ಅರ್ಧಭಾಗ ಮಾತ್ರವೇ ತೆರೆದಿರುವುದರಿಂದ ಬೆಳಕೂ ಅಷ್ಟೇ ಕುಂದುತ್ತದೆ; ಮಳೆನೀರು ರಂಧ್ರಗಳಲ್ಲಿ ನಿಂತರಂತೂ, ಮೇಲೆ ಪಾರದರ್ಶಕ ಪೊರೆಯನ್ನು ಹೊದಿಸಿರದಿದ್ದರೆ, ನೋಟವೆಲ್ಲ ಕಲಸಿಹೋಗುವುದು. ದೃಷ್ಟಿ ಮಂದವಾದ ವೃದ್ಧೆಯೊಬ್ಬಳು ತಾನಿಳಿಯಬೇಕಾದ ನಿಲ್ದಾಣದ ಫಲಕವನ್ನು ಆ ಚುಕ್ಕಿಗಳ ನಡುವೆ ಹುಡುಕುತ್ತ ಗಾಜಿಗೆ ಮುಖವನ್ನೊತ್ತುವುದನ್ನು ಕಂಡವರಿಗೆ ಇದು ಅಲ್ಪವಿಷಯವೆನಿಸಲಾರದು. ನಮ್ಮ ದೇಶದ 1989ರ ಮೋಟಾರು ವಾಹನ ನಿಯಮಗಳು ಪಕ್ಕದ ಗಾಜುಗಳ ಮೂಲಕ ಕನಿಷ್ಠ ಶೇಕಡ 50ರಷ್ಟು ಬೆಳಕು ಹಾಯಬೇಕೆಂದು ವಿಧಿಸಿದುವು. 2012ರಲ್ಲಿ ಸುಪ್ರೀಂ ಕೋರ್ಟು ವಾಹನಗಳ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನೇ ನಿಷೇಧಿಸಿತು. ಕಿಟಕಿ ಪ್ರಯಾಣಿಕನಿಗೆ ಸೇರಿದ್ದು. ಜಾಹೀರಾತಿಗೆ ಅದರ ಕೆಳಗಿನ ತಗಡಿನ ಮೈ ಧಾರಾಳವಾಗಿ ಸಾಲುತ್ತದೆ.