ಔಷಧಿ ಅಂಗಡಿಯ ದೂರು: ವಿಚಾರಣೆಯಿಲ್ಲದ ದಾರಿ
ಫಾರ್ಮಸಿಸ್ಟರ ಮೇಲಿನ ದೂರುಗಳೆಲ್ಲ ಶಿಸ್ತು ವಿಚಾರಣೆಯವರೆಗೆ ಹೋಗಬೇಕಿಲ್ಲ. ವೃತ್ತಿಗೆಟ್ಟ ನಡತೆ ರುಜುವಾತಾದರೆ, 1948ರ ಫಾರ್ಮಸಿ ಕಾಯ್ದೆಯ 36ನೇ ಕಲಮಿನಡಿ ಕರ್ನಾಟಕ ರಾಜ್ಯ ಫಾರ್ಮಸಿ ಪರಿಷತ್ತು ನೋಂದಣಿಯನ್ನೇ ತೆಗೆದುಹಾಕಬಹುದು. ಅದಕ್ಕೂ ಮುನ್ನ ಆರೋಪಿಯ ಅಹವಾಲು ಕೇಳಲೇಬೇಕು. ಅನ್ನ ಕಿತ್ತುಕೊಳ್ಳುವ ಶಿಕ್ಷೆಯಾದ್ದರಿಂದ ಈ ಎಚ್ಚರ ಸರಿಯೇ.

ಒರಟು ಮಾತಿಗೆ, ಬಿಲ್ಲಿನ ತಕರಾರಿಗೆ ಅಷ್ಟು ದೊಡ್ಡ ಕೊಡಲಿ ಬೇಡ. ಮಾಕಳಿಯ ಗ್ರಾಹಕರೊಬ್ಬರಿಗೆ 250 ಮಿಲಿಗ್ರಾಂ ಬದಲು 500ರ ಮಾತ್ರೆ ಬಂತೆನ್ನಿ. ನುಂಗುವ ಮೊದಲೇ ಕಂಡರೆ, ವೈದ್ಯರ ಚೀಟಿ ತೋರಿಸಿ ಅಂಗಡಿಯಲ್ಲೇ ಬದಲಿಸಿಕೊಳ್ಳಬಹುದು. ನಷ್ಟವಾಗಿದ್ದರೆ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 37ನೇ ಕಲಮಿನಂತೆ, ಎರಡೂ ಕಡೆಯವರು ಒಪ್ಪಿದರೆ ಆಯೋಗ ಪ್ರಕರಣವನ್ನು ಮಧ್ಯಸ್ಥಿಕೆಗೆ ಕಳಿಸುತ್ತದೆ.

ಚೀಟಿಯಿಲ್ಲದೆ ನಿದ್ರೆ ಮಾತ್ರೆ ಮಾರಿದರೆ, ಫಾರ್ಮಸಿಸ್ಟರೇ ಇಲ್ಲದೆ ಔಷಧಿ ಕೊಟ್ಟರೆ ಮಾತ್ರ ರಾಜಿ ಸಲ್ಲದು. ಔಷಧ ನಿಯಂತ್ರಣ ಅಧಿಕಾರಿಗಳಿಗೇ ದೂರು ಕೊಡಬೇಕು. ದಾರಿ ಯಾವುದಾದರೂ, ಬ್ಯಾಚ್ ಸಂಖ್ಯೆಯಿರುವ ಬಿಲ್ಲನ್ನು ಜೋಪಾನವಾಗಿಡಿ.