ಶೂನ್ಯದ ಪರೀಕ್ಷೆ: ಬೆಳಕು ಮತ್ತು ಅಯಸ್ಕಾಂತ

ಗಾಳಿಯನ್ನೆಲ್ಲ ಹೊರತೆಗೆದ ಕೊಳವೆಯಲ್ಲಿ ಉಳಿಯುವುದೇನು? ಏನೂ ಇಲ್ಲವೆಂಬುದು ಲೋಕರೂಢಿಯ ಉತ್ತರ. ಕ್ವಾಂಟಂ ಸಿದ್ಧಾಂತವು ಇದನ್ನೊಪ್ಪುವುದಿಲ್ಲ. ನಿರ್ವಾತದಲ್ಲಿಯೂ ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳಿಗೆ ಸಂಬಂಧಿಸಿದ ಕ್ಷೋಭೆಯೊಂದು ಅಡಗಿದೆಯೆಂದು ಅದರ ಮತ. ಹಾಗಿದ್ದಲ್ಲಿ ಪ್ರಬಲವಾದ ಕಾಂತಕ್ಷೇತ್ರದಲ್ಲಿ ನಿರ್ವಾತವು ಸ್ಫಟಿಕದಂತೆ ವರ್ತಿಸಬೇಕು: ಬೆಳಕಿನ ಕಂಪನವು ಕ್ಷೇತ್ರಕ್ಕೆ ಸಮಾಂತರವಾಗಿದ್ದಾಗ ಒಂದು ವೇಗ, ಲಂಬವಾಗಿದ್ದಾಗ ಇನ್ನೊಂದು. ಈ ದ್ವಿವಕ್ರೀಭವನವು ಹೈಸನ್‌ಬರ್ಗ್ ಮತ್ತು ಆಯ್ಲರ್ 1936ರಲ್ಲಿ ಪ್ರಕಟಿಸಿದ ಗಣಿತದಿಂದ ಫಲಿಸುತ್ತದೆ.

ದ್ರವಗಳಲ್ಲಿ ಇಂತಹ ವಿದ್ಯಮಾನವು ನಮ್ಮವರಿಗೆ ಅಪರಿಚಿತವಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಸರ್ಕಾರದ ಹಣಕಾಸು ಇಲಾಖೆಯಲ್ಲಿ ಅಧಿಕಾರಿಯಾಗಿದ್ದು, ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿದ ಸಿ. ವಿ. ರಾಮನ್ನರು, ಕೆ. ಎಸ್. ಕೃಷ್ಣನ್ನರೊಡನೆ 1927ರಲ್ಲಿ ಬೆನ್ಜೀನ್ ಮೊದಲಾದ ದ್ರವಗಳ ಕಾಂತೀಯ ದ್ವಿವಕ್ರೀಭವನವನ್ನು ವಿವೇಚಿಸಿದರು. ಅಲ್ಲಿ ಅಣುಗಳು ಕ್ಷೇತ್ರಕ್ಕನುಗುಣವಾಗಿ ಕಿಂಚಿತ್ತು ತಿರುಗುತ್ತವೆ. ನಿರ್ವಾತದಲ್ಲಾದರೋ ತಿರುಗಲು ಅಣುವೇ ಇಲ್ಲ, ಪರಿಣಾಮವೂ ಅತ್ಯಲ್ಪ.

ಇದನ್ನು ಅಳೆಯಲು ಇಟಲಿಯ ಪಿವಿಲಾಸ್ ತಂಡವು 25 ವರ್ಷ ದುಡಿಯಿತು. 2006ರಲ್ಲಿ ಅದು, ಕಾಂತಕ್ಷೇತ್ರದಲ್ಲಿ ಬೆಳಕಿನ ಕಂಪನದ ದಿಕ್ಕು ತಿರುಗಿತೆಂದು ಪ್ರಕಟಿಸಿದಾಗ, ಹೊಸ ಕಣವೊಂದರ ಸುಳಿವು ಸಿಕ್ಕಿತೆಂದು ಹಲವರು ಭಾವಿಸಿದರು. ಆದರೆ ಉಪಕರಣವನ್ನು ಸುಧಾರಿಸಿ ಮತ್ತೆ ನೋಡಿದಾಗ ಆ ಸಂಕೇತವು ಕಾಣಲಿಲ್ಲ. ತಂಡವೇ ಅದನ್ನು ಜಗತ್ತಿಗೆ ತಿಳಿಸಿತು. ಬರಿದಾದ ತಟ್ಟೆಯ ಮುಳ್ಳನ್ನು ನೋಡದೆ ಚಿನ್ನವನ್ನು ತೂಗಿದರೆ ಸೌಕಾರ್‌ಪೇಟೆಯ ಗಿರಾಕಿ ಒಪ್ಪುವನೆ? ಇಲ್ಲಿಯೂ ಅದೇ ನ್ಯಾಯ.

ಬಳಿಕ ಫೆರಾರಾ ನಗರದಲ್ಲಿ 2.5 ಟೆಸ್ಲಾ ಬಲದ ಎರಡು ಅಯಸ್ಕಾಂತಗಳನ್ನು ತಿರುಗಿಸುತ್ತ, 3.3 ಮೀಟರ್ ಅಂತರದ ಕನ್ನಡಿಗಳ ನಡುವೆ ಲೇಸರ್ ಕಿರಣವನ್ನು ಲಕ್ಷಾಂತರ ಬಾರಿ ಓಡಾಡಿಸಿದರು. ನಿರೀಕ್ಷಿತ ಪರಿಣಾಮವನ್ನು ಎರಡೂವರೆ ಎಂದಿಟ್ಟುಕೊಂಡರೆ, 2020ರಲ್ಲಿ ಪ್ರಕಟವಾದ ಅಂತಿಮ ಅಳತೆ 12. ಅದರ ಅನಿಶ್ಚಿತತೆ 17. ಎಂದರೆ ಈ ಅಳತೆಯು ಶೂನ್ಯಕ್ಕೂ ಸಿದ್ಧಾಂತಕ್ಕೂ ಸಮನಾಗಿ ಹೊಂದುತ್ತದೆ. ಕನ್ನಡಿಗಳಲ್ಲಿಯೇ ಹುಟ್ಟುವ ಕ್ಷೋಭೆಯು ಮುಂದಿನ ದಾರಿಯನ್ನು ತಡೆದಿತ್ತು.

ಸಿದ್ಧಾಂತಕ್ಕೆ ಬೇರೆಡೆ ಬೆಂಬಲವಿದೆ. ಸರ್ನ್ ಸಂಸ್ಥೆಯ ಅಟ್ಲಾಸ್ ತಂಡವು 2019ರಲ್ಲಿ, ಸೀಸದ ಅಯಾನುಗಳು ಒಂದನ್ನೊಂದು ಸಮೀಪಿಸಿ ಹಾದುಹೋಗುವಾಗ, ಬೆಳಕು ಬೆಳಕಿನಿಂದಲೇ ಚದುರುವುದನ್ನು ಖಚಿತವಾಗಿ ಕಂಡಿತು. ಹ್ಯಾಂಬರ್ಗಿನ ಬಳಿ ಅಯಸ್ಕಾಂತಕ್ಕೆ ಬದಲಾಗಿ ಅತಿತೀವ್ರ ಲೇಸರನ್ನು ಬಳಸಿ, ಕ್ಷಕಿರಣದಿಂದ ನಿರ್ವಾತವನ್ನು ಪರೀಕ್ಷಿಸುವ ಯೋಜನೆಯನ್ನು ರೂಪಿಸಿದ್ದಾರೆ.

ಹಾಗಾದರೆ ಆ 25 ವರ್ಷ ವ್ಯರ್ಥವೆ? ಅಲ್ಲವೆಂದೇ ನನ್ನ ಅಭಿಪ್ರಾಯ. ತಪ್ಪಿನ ಮಿತಿಯನ್ನು ಸ್ಪಷ್ಟವಾಗಿ ನಮೂದಿಸಿದ ಅಳತೆಯು ಮುಂದಿನವರಿಗೆ ಆರಂಭದ ಶಿಲ್ಕು. ಅದನ್ನು ಮರೆಮಾಚಿದ ಅಳತೆಯು ಎಷ್ಟು ದೊಡ್ಡದಾದರೂ ಸಾಲವೇ ಸರಿ.