ತೋಟಾ: ಹೆಸರೂ ಹಿತ್ತಾಳೆಯೂ

ಚಿಕ್ಕಮಗಳೂರು ಜಿಲ್ಲೆಯ ಸಂಸೆ, ಕಳಸ, ಮೂಡಿಗೆರೆ ಮೊದಲಾದ ಕಾಫಿಯ ಸೀಮೆಗಳಲ್ಲಿ ಕೋವಿಯು ಬೆಳೆಗಾವಲಿನ ಸಾಧನವಾಗಿ ಬಹುಕಾಲದಿಂದ ಬಳಕೆಯಲ್ಲಿರುವುದರಿಂದ, ಅದಕ್ಕೆ ಸೇರಿದ ಮಾತುಗಳು ಅಲ್ಲಿಯ ಆಡುನುಡಿಯಲ್ಲಿ ಹೇರಳವಾಗಿವೆ. ಕೇಪಿನ ಕೋವಿ, ತೋಟಾ ಕೋವಿ, ಜೋಡುನಳಿಗೆ, ಈಡು, ಚರೆ, ಮದ್ದು ಎಂಬ ಶಬ್ದಗಳು ಮಲೆನಾಡಿನ ಕಥೆ ಕಾದಂಬರಿಗಳಲ್ಲಿ ಬಂದಾಗ, ಪಾಠ ಹೇಳುವವರು ‘ಬಂದೂಕು’, ‘ಗುಂಡು’ ಎಂಬೆರಡೇ ಅರ್ಥಗಳಿಂದ ಅವೆಲ್ಲವನ್ನೂ ತೀರಿಸಿಬಿಡುವುದುಂಟು. ಇವುಗಳಲ್ಲಿ ‘ತೋಟಾ’ ಎಂಬುದರ ಅರ್ಥವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ವಿಚಾರಿಸಲಾಗುವುದು. ಅದನ್ನು ಹೆಸರಿನಿಂದ ತಿಳಿದೆವೆಂದುಕೊಳ್ಳುವುದು ಪಾಠದಲ್ಲಿ ತಪ್ಪು, ಬಳಕೆಯಲ್ಲಿ ಪ್ರಾಣಾಪಾಯ.

ಕೋವಿಯೆಂದರೆ ಮೂಲದಲ್ಲಿ ಕೊಳವೆ. ತೆಲುಗಿನ ‘ಕ್ರೋವಿ’ ಇದರ ಸಜಾತೀಯವಾಗಿದ್ದು, ಕೊಳಲಿನ ಹೆಸರಾದ ‘ಪಿಲ್ಲನಗ್ರೋವಿ’ಯಲ್ಲಿ ಉಳಿದಿದೆ. ‘ತೋಟಾ’ ಎಂಬುದು ಮರಾಠಿ ಹಿಂದಿಗಳಲ್ಲಿಯೂ ಅಲ್ಪ ಧ್ವನಿಭೇದದಿಂದ ಕಾಣುವ ದೇಶ್ಯಶಬ್ದ. ಕೇಪಿನ ಕೋವಿಯಲ್ಲಿ ಮದ್ದು, ಚರೆ, ಕೇಪುಗಳನ್ನು ಬೇರೆಬೇರೆಯಾಗಿ ಇಡಬೇಕು. ತೋಟಾ ಕೋವಿಯಲ್ಲಾದರೋ ಇವೆಲ್ಲವೂ ಒಂದೇ ಕೋಶದೊಳಗೆ ಅಡಗಿರುತ್ತವೆ. ಆದುದರಿಂದ ಗುಂಡು ತೋಟಾದ ಒಂದು ಅಂಗವೇ ಹೊರತು ತೋಟಾ ಅಲ್ಲ. ಹಾರಿಹೋಗುವುದು ಗುಂಡು, ಉಳಿಯುವುದು ಕೋಶ.

ರೈಫಲಿನ ತೋಟಾಕ್ಕೆ ಈ ಕೋಶವನ್ನು ಸಾಮಾನ್ಯವಾಗಿ 70 ಪಾಲು ತಾಮ್ರ, 30 ಪಾಲು ಸತುವು ಸೇರಿದ ಹಿತ್ತಾಳೆಯಿಂದ ಮಾಡುವರು. ಅಮರಕೋಶದಲ್ಲಿ ‘ರೀತಿ’, ‘ಆರಕೂಟ’ ಎಂದು ಕರೆಯಿಸಿಕೊಂಡಿರುವ ಲೋಹವೇ ಇದು. ಈಡು ಸಿಡಿದಾಗ ಕೋಶವು ಹಿಗ್ಗಿ ನಳಿಗೆಯ ಗೂಡಿಗೆ ಅಂಟಿಕೊಂಡು ಅನಿಲವು ಹಿಂದಕ್ಕೆ ಬಾರದಂತೆ ತಡೆಯುತ್ತದೆ; ಕೂಡಲೇ ಕೊಂಚ ಕುಗ್ಗಿ ಹೊರಬರುತ್ತದೆ. ಅದರ ಅಂಗಗಳನ್ನು ಬುಡ, ಅಂಚು, ಒಡಲು, ಹೆಗಲು, ಕೊರಳು, ಬಾಯಿ ಎಂದು ಅಚ್ಚಗನ್ನಡದಲ್ಲಿಯೇ ಹೇಳಬಹುದು.

ಇನ್ನು ಹೆಸರುಗಳ ವಿಚಾರ. ಚರೆ ಹಾರಿಸುವ ಕೋವಿಗಳಲ್ಲಿ 12 ಎಂಬ ಸಂಖ್ಯೆಯು ಅಳತೆಯಲ್ಲ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡುಗಳು ಒಂದು ಪೌಂಡಿಗೆ ಎಷ್ಟೆಂಬ ಎಣಿಕೆ. ಆದುದರಿಂದ 20ರ ನಳಿಗೆಯು 12ರದಕ್ಕಿಂತ ಕಿರಿದು. 20ರ ತೋಟಾವನ್ನು 12ರ ಕೋವಿಗೆ ಹಾಕಿದರೆ ಅದು ಒಳಜಾರಿ ನಳಿಗೆಯಲ್ಲಿ ಸಿಕ್ಕಿಕೊಳ್ಳುವುದು. ಗೂಡು ಬರಿದೆಂದು ಭಾವಿಸಿ ಅದರ ಹಿಂದೆ 12ರ ತೋಟಾವನ್ನಿಟ್ಟು ಹೊಡೆದರೆ ನಳಿಗೆಯೇ ಒಡೆಯುವುದು.

ರೈಫಲುಗಳಲ್ಲಿ ಈ ತೊಡಕು ಇನ್ನೂ ಹೆಚ್ಚು. .303 ಎಂಬುದು ನಳಿಗೆಯ ಒಳಗೆರೆಗಳ ನಡುವಣ ಅಳತೆ; ಅದರ ಗುಂಡಿನ ಅಡ್ಡಳತೆ ಸುಮಾರು .311 ಅಂಗುಲ. .308 ಎಂಬುದರಲ್ಲಿಯಾದರೋ ಗುಂಡೇ .308 ಅಂಗುಲ. ಹೆಸರಿನಲ್ಲಿ ಕಿರಿದಾದುದು ವಸ್ತುವಿನಲ್ಲಿ ಹಿರಿದಾಯಿತು. ಫ್ರಾನ್ಸಿನ ಲೆಬೆಲ್ ತೋಟಾಕ್ಕೂ ಆಸ್ಟ್ರಿಯಾದ ಮ್ಯಾನ್‌ಲಿಕರ್ ತೋಟಾಕ್ಕೂ 8×50 ಎಂಬ ಒಂದೇ ಹೆಸರುಂಟು. ಆದರೆ ಮೊದಲನೆಯದರ ಅಂಚು ಸುಮಾರು 16 ಮಿಲಿಮೀಟರು, ಎರಡನೆಯದರದು ಸುಮಾರು 14. ಇದಕ್ಕೆ ವಿಪರ್ಯಾಯವಾಗಿ, ಒಂದೇ ವಸ್ತುವಿಗೆ ಎರಡು ಹೆಸರುಗಳೂ ಉಂಟು. ಬ್ರಿಟಿಷರ ಆಳಿಕೆಯಲ್ಲಿ ಸೈನ್ಯದ .303 ತೋಟಾವು ಪ್ರಜೆಗಳ ಕೈಸೇರಬಾರದೆಂಬ ನಿರ್ಬಂಧವಿದ್ದುದರಿಂದ, ಆ ಮ್ಯಾನ್‌ಲಿಕರ್ ತೋಟಾವೇ .315 ಎಂಬ ಹೆಸರಿನಿಂದ ಭಾರತದಲ್ಲಿ ಬಳಕೆಗೆ ಬಂದಿತು, ಈಶಾಪುರದ ಕಾರ್ಖಾನೆಯ.315 ರೈಫಲು ಈ ಪರಂಪರೆಯದೇ.

ಹಾಗಾದರೆ ಕೋಶದ ಕುಲವನ್ನು ತಿಳಿಯುವುದೆಂತು? ಬುಡದಿಂದ. ಒಂದು ತೋಟಾದ ಕೋಶವನ್ನು ಮತ್ತೊಂದರದಾಗಿ ತಿದ್ದುವ ಕುಶಲಕರ್ಮವೊಂದು ಗುರಿಕಾರರಲ್ಲಿ ಉಂಟು. ಎಣ್ಣೆ ಸವರಿದ ಕೋಶವನ್ನು ಉಕ್ಕಿನ ಅಚ್ಚಿನೊಳಕ್ಕೆ ಒತ್ತಿ, ಹೆಗಲನ್ನು ಹಿಂದಕ್ಕೆ ತಳ್ಳಿ, ಕೊರಳನ್ನು ಕಿರಿದುಮಾಡಿ, ಹೆಚ್ಚಿದ ಉದ್ದವನ್ನು ಕತ್ತರಿಸುವರು. ಹೆಗಲು ಕೊರಳುಗಳು ಹೀಗೆ ಬದಲಾಗುತ್ತವೆ; ಬುಡವು ಬದಲಾಗದು. ಮೌಸರನ 7×57 (1892), ಅಮೆರಿಕದ .30-06 (1906), .308 (1952), ಗುರಿಯಾಟಕ್ಕೆ ಹೆಸರಾದ .260 ರೆಮಿಂಗ್ಟನ್ (1997), 6.5 ಕ್ರೀಡ್‌ಮೂರ್ (2007) ಇವೆಲ್ಲವುಗಳ ಬುಡವೂ ಸುಮಾರು 12 ಮಿಲಿಮೀಟರಿನದೇ. .308ರ ಕೊರಳನ್ನು ಕಿರಿದುಮಾಡಿದರೆ .260 ಆಗುವುದು. ಸ್ವೀಡನ್ನಿನ 6.5×55 (1894) ಇವುಗಳಂತೆಯೇ ಕಂಡರೂ ಬುಡದಲ್ಲಿ ಕೂದಲೆಳೆಯಷ್ಟು ದಪ್ಪ; .30-06ರಿಂದ ಅದನ್ನು ತಿದ್ದಿದರೆ ಬುಡದ ಮೇಲ್ಗಡೆ ಉಬ್ಬು ಕಾಣುವುದು. ಆ ಉಬ್ಬೇ ಅದರ ಜನ್ಮಸಾಕ್ಷಿ.

ಗುರಿಯಾಟದಲ್ಲಿ ಇವುಗಳ ತಾರತಮ್ಯ ಹೀಗಿದೆ. 6.5ರ ಗುಂಡು ದಪ್ಪಕ್ಕೆ ಮೀರಿದ ಉದ್ದವುಳ್ಳದ್ದಾದುದರಿಂದ ಗಾಳಿಯ ತಡೆಯನ್ನು ಕಡಿಮೆ ಅನುಭವಿಸುತ್ತದೆ. ದೂರದಲ್ಲಿ ಗಾಳಿಗೆ ಕಡಿಮೆ ಸರಿಯುತ್ತದೆ. ಹೆಗಲಿಗೆ ಬೀಳುವ ಒದೆತವೂ ಕಡಿಮೆ. .308ರ ಗುಂಡು ಇವುಗಳಲ್ಲಿ ಹಿಂದುಳಿದರೂ ಅದರ ನಳಿಗೆ ಹೆಚ್ಚು ಕಾಲ ಬಾಳುತ್ತದೆ. ಕಿರಿದಾದ ನಳಿಗೆಯಲ್ಲಿ ಅಷ್ಟೇ ಮದ್ದು ಉರಿದರೆ ಸವಕಳಿ ಬೇಗ.

ತಿದ್ದಿದ ಕೋಶದಲ್ಲಿ ಎರಡು ದೋಷಗಳು ಅಡಗಿರಬಹುದು. ಕಿರಿದಾದ ಕೊರಳಿನ ಗೋಡೆ ದಪ್ಪವಾಗಿ ಗುಂಡನ್ನು ಬಿಗಿಹಿಡಿದರೆ, ಚದರ ಸೆಂಟಿಮೀಟರಿಗೆ 4,000 ಕಿಲೋಗ್ರಾಮನ್ನು ಮೀರುವ ಒತ್ತಡವು ಮತ್ತಷ್ಟು ಏರುವುದು. ಎರಡನೆಯದು ಕಣ್ಣಿಗೆ ಕಾಣದುದು. ಅದಕ್ಕೂ ನಮ್ಮ ದೇಶದ ಮಳೆಗಾಲಕ್ಕೂ ಸಂಬಂಧವುಂಟು. ಭಾರತದ ಬ್ರಿಟಿಷ್ ಸೈನ್ಯದಲ್ಲಿ ಕುದುರೆಲಾಯಗಳ ಬಳಿ ಇರಿಸಿದ ತೋಟಾಗಳು ಮಳೆಗಾಲದಲ್ಲಿ ತಾವಾಗಿಯೇ ಸೀಳಿಕೊಳ್ಳುತ್ತಿದ್ದುವು. ಮಳೆಯ ಋತುವಿನಲ್ಲಿ ಕಾಣುತ್ತಿದ್ದುದರಿಂದ ಅದಕ್ಕೆ ‘ಋತುಬಿರುಕು’ ಎಂಬರ್ಥದ ಹೆಸರೇ ಇಂಗ್ಲಿಷಿನಲ್ಲಿ ನಿಂತಿತು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ, ತೇವ, ಒತ್ತಿ ಎಳೆದ ಹಿತ್ತಾಳೆಯಲ್ಲಿ ಉಳಿದ ಒಳಬಿಗುಪು, ಈ ಮೂರೂ ಕೂಡಿದುದೇ ಕಾರಣವೆಂದು 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬವರು ವಿವರಿಸಿದರು. ಕೊರಳು ಹೆಗಲುಗಳನ್ನು ಹದವಾಗಿ ಕಾಯಿಸಿದರೆ ಬಿಗುಪು ಇಳಿಯುವುದು. ಬುಡವನ್ನು ಮಾತ್ರ ಕಾಯಿಸತಕ್ಕುದಲ್ಲ. ಅದು ಮೆತ್ತಗಾದರೆ ಒತ್ತಡವನ್ನು ತಡೆಯಲಾರದೆ ಅನಿಲವು ಹೊಡೆಯುವವನ ಮುಖಕ್ಕೇ ನುಗ್ಗುವುದು.

ಜೂನಿನಿಂದ ತಿಂಗಳುಗಟ್ಟಲೆ ಮಳೆ ಹಿಡಿಯುವ ಸಂಸೆಯಂತಹ ಊರಿನಲ್ಲಿ, ದನದ ಕೊಟ್ಟಿಗೆ ಮನೆಗೆ ಒತ್ತಿಕೊಂಡಿರುವೆಡೆ, ಈ ಮಾತು ಪುಸ್ತಕದ ಮಾತಲ್ಲ. ಹಿತ್ತಾಳೆಯ ಹಸಿರು ಕಿಲುಬು ಒರೆಸಿದರೆ ಹೋದೀತು, ಬಿರುಕು ಹೋಗದು. 1972ರ ವನ್ಯಜೀವಿ ಕಾಯಿದೆಯಿಂದ ಹಳೆಯ ಬೇಟೆ ನಿಂತಿತು. 1959ರ ಆಯುಧ ಕಾಯಿದೆಯಂತೆ ತೋಟಾಗಳನ್ನು ತಯಾರಿಸುವುದಕ್ಕೂ ಮಾರ್ಪಡಿಸುವುದಕ್ಕೂ ಪರವಾನಗಿ ಬೇಕು. ಹೀಗಿದ್ದರೂ ಹಳೆಯ ಪೆಟ್ಟಿಗೆಗಳಲ್ಲಿ ಅಜ್ಜಂದಿರ ಕಾಲದ ತೋಟಾಗಳು ಉಳಿದಿರುವುದು ಅಸಂಭವವಲ್ಲ. ಅಂಥವನ್ನು ಮೇಲಿನ ಹೆಸರನ್ನು ನೋಡಿ ಬಳಸದೆ, ಬಲ್ಲವರ ಕೈಯಲ್ಲಿ ಅಳೆಯಿಸಿ ನಿರ್ಣಯಿಸುವುದು ಯುಕ್ತ. ಪಾಠ ಹೇಳುವವರೂ ‘ತೋಟಾ’ ಎಂಬಲ್ಲಿ ‘ಗುಂಡು’ ಎಂದು ಬರೆಯಿಸದೆ, ‘ಗುಂಡು, ಮದ್ದು, ಕೇಪುಗಳನ್ನು ಒಳಗೊಂಡ ಕೋಶ’ ಎಂದು ಬರೆಯಿಸಿದರೆ ಶಬ್ದಕ್ಕೂ ವಸ್ತುವಿಗೂ ನ್ಯಾಯ ಸಲ್ಲುವುದು.